ವಿಳಾಸ ಬದಲಾದರೆ ಸಾಲದು, ದಾಖಲೆಯೂ ಬದಲಾಗಬೇಕು

ಉದ್ಯೋಗದಿಂದ ನಿವೃತ್ತರಾದವರ ಬದುಕಿನಲ್ಲಿ ಇನ್ನು ಬದಲಾವಣೆಗಳೇನೂ ಇರುವುದಿಲ್ಲ ಎಂಬ ಕಲ್ಪನೆ ನಮ್ಮಲ್ಲಿ ಬೇರೂರಿದೆ. ನಿಜಸ್ಥಿತಿ ಇದಕ್ಕೆ ತದ್ವಿರುದ್ಧ. ಮೂವತ್ತೈದು ವರ್ಷಗಳನ್ನು ಒಂದೇ ಇಲಾಖೆಯಲ್ಲಿ, ಒಂದೇ ಬಗೆಯ ದಿನಚರಿಯಲ್ಲಿ ಕಳೆದವರು ಅರವತ್ತರ ನಂತರದ ಹತ್ತು ಹದಿನೈದು ವರ್ಷಗಳಲ್ಲಿ ಕಾಣುವಷ್ಟು ಏರುಪೇರನ್ನು ಅದಕ್ಕೆ ಮೊದಲು ಕಂಡಿರುವುದಿಲ್ಲ. ವಸತಿಗೃಹವನ್ನು ಬಿಡಬೇಕಾಗುತ್ತದೆ. ಹುಟ್ಟೂರಿಗೆ ಹಿಂದಿರುಗುವುದೋ, ಮಗನಿರುವ ನಗರಕ್ಕೆ ಹೋಗುವುದೋ ನಿರ್ಧರಿಸಬೇಕಾಗುತ್ತದೆ. ಮಕ್ಕಳ ವಿವಾಹ, ಮಗನ ಉದ್ಯೋಗ, ಕೆಲವು ಮನೆಗಳಲ್ಲಿ ಗಂಡನನ್ನು ಕಳೆದುಕೊಂಡ ಮಗಳು ತವರಿಗೆ ಮರಳುವುದು, ಕೊನೆಗೆ ದಂಪತಿಗಳಲ್ಲಿ ಒಬ್ಬರು ಅಗಲುವುದು, ಇವೆಲ್ಲವೂ ಈ ಅವಧಿಯಲ್ಲಿಯೇ ಸಂಭವಿಸುತ್ತವೆ.

ಇಂತಹ ಪ್ರತಿಯೊಂದು ಬದಲಾವಣೆಗೂ ನಮ್ಮ ಹಿರಿಯರು ಒಂದೊಂದು ಶಾಸ್ತ್ರವನ್ನು ವಿಧಿಸಿದ್ದಾರೆ. ಹೊಸ ಮನೆಗೆ ಹೋದರೆ ಹಾಲುಕ್ಕಿಸುತ್ತೇವೆ. ಯಾರಾದರೂ ತೀರಿಕೊಂಡರೆ ಹದಿಮೂರು ದಿನಗಳ ಕರ್ಮಗಳನ್ನು ಒಂದು ದರ್ಭೆಯ ಲೋಪವೂ ಆಗದಂತೆ ನಡೆಸುತ್ತೇವೆ. ಆದರೆ ಮನೆಯಲ್ಲಿರುವ ಪಿಂಚಣಿದಾರರ ಆರೋಗ್ಯ ಕಾರ್ಡಿನಲ್ಲಿ ಈ ಬದಲಾವಣೆಯನ್ನು ನಮೂದಿಸಬೇಕೆಂಬುದು ಯಾರ ಪಟ್ಟಿಯಲ್ಲಿಯೂ ಇರುವುದಿಲ್ಲ. ಈ ವಿಷಯವಾಗಿ ನನ್ನ ಹಳೆಯ ವಿದ್ಯಾರ್ಥಿಗಳಿಗೂ ಬಂಧುಗಳಿಗೂ ನಾಲ್ಕು ಮಾತು ಹೇಳಬೇಕೆಂದು ಬಹಳ ದಿನಗಳಿಂದ ಅಂದುಕೊಂಡಿದ್ದೆ.

ಮೊದಲೇ ಹೇಳಿಬಿಡುತ್ತೇನೆ, ನಾನು ರಾಜ್ಯದ ಪಿಂಚಣಿದಾರ. ಕೇಂದ್ರ ಸರ್ಕಾರದ ಸಿ.ಜಿ.ಎಚ್.ಎಸ್. ಯೋಜನೆ ನನಗೆ ಅನ್ವಯಿಸುವುದಿಲ್ಲ. ಆದರೆ ನಮ್ಮ ಬಂಧುವರ್ಗದಲ್ಲಿ ಅಂಚೆ, ಲೆಕ್ಕಪತ್ರ ಮುಂತಾದ ಇಲಾಖೆಗಳಲ್ಲಿ ದುಡಿದವರು ಅನೇಕರಿದ್ದಾರೆ. ನನ್ನ ತರಗತಿಯಲ್ಲಿ ಹಿಂದಿನ ಬೆಂಚಿನಲ್ಲಿ ಕುಳಿತಿದ್ದ ಕೆಲವರು ಸೈನ್ಯ ಸೇರಿ, ಈಗ ನಿವೃತ್ತರಾಗಿ, ನನಗಿಂತ ಹೆಚ್ಚು ನರೆತ ಮೀಸೆ ಹೊತ್ತು ಬಂದು ಮಾತನಾಡಿಸುತ್ತಾರೆ. ಅವರಿಗೆ 2003ರ ಏಪ್ರಿಲ್‌ನಲ್ಲಿ ಆರಂಭವಾದ ಇ.ಸಿ.ಎಚ್.ಎಸ್. ಇದೆ. ಯೋಜನೆಗಳ ಹೆಸರು ಬೇರೆಯಾದರೂ ತೊಡಕು ಒಂದೇ.

ಈ ತೊಡಕನ್ನು ಶಾಲೆಯ ಭಾಷೆಯಲ್ಲಿ ವಿವರಿಸುತ್ತೇನೆ. ಒಬ್ಬ ಬಾಲಕ ತೀರ್ಥಹಳ್ಳಿಯ ಶಾಲೆಯನ್ನು ಬಿಟ್ಟು ಹಾಸನದ ಶಾಲೆಗೆ ಸೇರಬೇಕಾದರೆ ವರ್ಗಾವಣೆ ಪತ್ರವನ್ನು ತರಲೇಬೇಕು. ಹಳೆಯ ಶಾಲೆಯ ಹಾಜರಿ ಪುಸ್ತಕದಲ್ಲಿ ಅವನ ಹೆಸರಿಗೆ ಗೆರೆ ಬೀಳುತ್ತದೆ, ಹೊಸ ಶಾಲೆಯ ಪುಸ್ತಕದಲ್ಲಿ ಹೆಸರು ಏರುತ್ತದೆ. ಹತ್ತು ವರ್ಷದ ಹುಡುಗನ ವಿಷಯದಲ್ಲಿ ಇಷ್ಟು ಕಟ್ಟುನಿಟ್ಟಾಗಿರುವ ನಾವು, ಎಪ್ಪತ್ತು ವರ್ಷದ ಹಿರಿಯರನ್ನು ಒಂದು ಊರಿನಿಂದ ಇನ್ನೊಂದು ಊರಿಗೆ ಕರೆತರುವಾಗ ಅವರ ಹೆಸರು ಯಾವ ಪುಸ್ತಕದಲ್ಲಿದೆ ಎಂದು ವಿಚಾರಿಸುವುದೇ ಇಲ್ಲ.

"ಸಿ.ಜಿ.ಎಚ್.ಎಸ್. ಕಾರ್ಡಿದ್ದರೆ ದೇಶದ ಯಾವ ಸ್ವಾಸ್ಥ್ಯ ಕೇಂದ್ರದಲ್ಲಿಯೂ ಔಷಧಿ ಸಿಗುತ್ತದಲ್ಲ, ವರ್ಗಾಯಿಸುವ ಉಪದ್ವ್ಯಾಪವೇಕೆ?" ಎಂದು ಕೇಳುವವರಿದ್ದಾರೆ. ಅವರ ಮಾತು ಅರ್ಧ ಸತ್ಯ. ತಾತ್ಕಾಲಿಕವಾಗಿ ಮಗಳ ಮನೆಗೆ ಹೋದವರಿಗೆ ಆ ಸೌಲಭ್ಯವೇ ಸಾಕು. ಆದರೆ ಖಾಯಮ್ಮಾಗಿ ನೆಲೆಸಿದವರಿಗೆ ಸಾಲದು. ಕೈಯಿಂದ ಕಟ್ಟಿದ ಆಸ್ಪತ್ರೆಯ ಬಿಲ್ಲಿನ ಮರುಪಾವತಿಗೆ ಪಿಂಚಣಿದಾರರು ಕಾರ್ಡು ನೋಂದಣಿಯಾಗಿರುವ ಊರಿನ ಮೂಲಕವೇ ಹೋಗಬೇಕು. ಇನ್ನು ಸಿ.ಜಿ.ಎಚ್.ಎಸ್. ಇಲ್ಲದ ಪ್ರದೇಶದಲ್ಲಿ ವಾಸಿಸುವ ಕೇಂದ್ರ ಪಿಂಚಣಿದಾರರಿಗೆ ದಿನನಿತ್ಯದ ಔಷಧೋಪಚಾರಕ್ಕೆಂದು ನಿಶ್ಚಿತ ವೈದ್ಯಕೀಯ ಭತ್ಯೆ ಇದೆ. 2017ರಲ್ಲಿ ಅದನ್ನು ತಿಂಗಳಿಗೆ 1,000 ರೂಪಾಯಿಗೆ ಏರಿಸಲಾಯಿತು. ಹಳ್ಳಿಯಲ್ಲಿದ್ದಾಗ ಈ ಭತ್ಯೆ ಪಡೆಯುತ್ತಿದ್ದವರು ಬೆಂಗಳೂರಿಗೆ ಬಂದು ನೆಲೆಸಿ ಸ್ವಾಸ್ಥ್ಯ ಕೇಂದ್ರದ ಹೊರರೋಗಿ ಸೇವೆಯನ್ನು ಬಯಸಿದರೆ ಭತ್ಯೆಯನ್ನು ನಿಲ್ಲಿಸಿ ಕಾರ್ಡನ್ನು ಸರಿಪಡಿಸಿಕೊಳ್ಳಬೇಕು. ಮಾಜಿ ಸೈನಿಕರೂ ಅಷ್ಟೇ, ಊರು ಬದಲಿಸಿದಾಗ ತಮ್ಮ ಮೂಲ ಪಾಲಿಕ್ಲಿನಿಕ್ಕನ್ನು ಬದಲಿಸಿಕೊಳ್ಳಬೇಕು.

ನಮ್ಮ ಬಂಧುಗಳಲ್ಲಿಯೇ ನಡೆದ ಒಂದು ಪ್ರಸಂಗವನ್ನು ಹೇಳುತ್ತೇನೆ. ನನ್ನ ಅಕ್ಕನ ಯಜಮಾನರು ಹೈದರಾಬಾದಿನಲ್ಲಿ ಕೇಂದ್ರದ ನೌಕರಿಯಲ್ಲಿದ್ದು ಅಲ್ಲಿಯೇ ನಿವೃತ್ತರಾದರು. ಕಾರ್ಡು ಅಲ್ಲಿಯದೇ. ಬೆಂಗಳೂರಿನ ಮಗನ ಮನೆಗೆ ಬಂದ ಮೇಲೆ ತಿಂಗಳ ಮಾತ್ರೆಗಳಿಗೇನೂ ಕೊರತೆಯಾಗಲಿಲ್ಲ. ಒಂದು ರಾತ್ರಿ ಎದೆನೋವು ಕಾಣಿಸಿಕೊಂಡಾಗ ಹತ್ತಿರವಿದ್ದ, ಆದರೆ ಯೋಜನೆಯ ಪಟ್ಟಿಯಲ್ಲಿಲ್ಲದ ಆಸ್ಪತ್ರೆಗೆ ಸೇರಿಸಬೇಕಾಯಿತು. ಆ ಬಿಲ್ಲಿನ ಕಾಗದಪತ್ರಗಳು ಹೈದರಾಬಾದಿಗೂ ಬೆಂಗಳೂರಿಗೂ ಮೂರು ಬಾರಿ ಅಂಚೆಯಲ್ಲಿ ಓಡಾಡಿದವು. ಮರುವರ್ಷ ಭಾವನವರು ತೀರಿಕೊಂಡರು. ಬ್ಯಾಂಕಿಗೆ ಮರಣಪತ್ರ ಕೊಟ್ಟು ಅಕ್ಕನಿಗೆ ಕುಟುಂಬ ಪಿಂಚಣಿ ಬರುವಂತಾಯಿತು. ಕಾರ್ಡಿನ ನೆನಪು ಮಾತ್ರ ಯಾರಿಗೂ ಬರಲಿಲ್ಲ. ಐದನೆಯ ತಿಂಗಳಲ್ಲಿ ಅಕ್ಕ ಬಚ್ಚಲುಮನೆಯಲ್ಲಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಳು. ಈ ಸಲ ಆಸ್ಪತ್ರೆಯೇನೋ ಪಟ್ಟಿಯಲ್ಲಿದ್ದುದೇ. ಆದರೆ ಮುಖ್ಯ ಸದಸ್ಯರು ಗತಿಸಿದ್ದಾರೆಂದು ತಿಳಿದೊಡನೆ ಕಿಟಕಿಯ ಒಳಗಿನವರು, ಕಾರ್ಡನ್ನು ಸರಿಪಡಿಸಿಕೊಂಡು ಬನ್ನಿ, ಅಲ್ಲಿಯವರೆಗೆ ಮುಂಗಡ ಕಟ್ಟಿ ಎಂದರು. ಮಗನಲ್ಲಿ ಹಣವಿತ್ತು, ಕಟ್ಟಿದ. ಅಕ್ಕ ಗುಣವಾದಳು. ಆದರೆ ಮನೆಗೆ ಬಂದ ಮೇಲೆ ಅವಳು ಆಡಿದ ಒಂದು ಮಾತು ನನ್ನನ್ನು ಇಂದಿಗೂ ಬಿಟ್ಟಿಲ್ಲ: "ಅವರು ಹೋದ ಮೇಲೆ ನಾನೂ ಲೆಕ್ಕದಲ್ಲಿ ಇಲ್ಲವೇನೋ?"

ಮಗನಲ್ಲಿ ಹಣವಿಲ್ಲದಿದ್ದರೆ? ಮಗನೇ ಇಲ್ಲದಿದ್ದರೆ? ಅಕ್ಕನಿಗೆ ಚಿಕಿತ್ಸೆಯ ಹಕ್ಕು ಇದ್ದೇ ಇತ್ತು; ಗಂಡ ತೀರಿಕೊಂಡ ಮಾತ್ರಕ್ಕೆ ಅದು ಹೋಗುವುದಿಲ್ಲ. ಹಕ್ಕು ಮನುಷ್ಯನದು, ಆದರೆ ಬಾಗಿಲು ತೆರೆಯುವುದು ಕಾಗದ. ನಮ್ಮ ಹೆಣ್ಣುಮಕ್ಕಳು ಬಹುಪಾಲು ಗಂಡನ ಕಾರ್ಡಿನ ನೆರಳಿನಲ್ಲಿಯೇ ಇರುವುದರಿಂದ ಈ ಅಲಕ್ಷ್ಯದ ದಂಡವನ್ನು ಹೆಚ್ಚಾಗಿ ತೆರುವವರು ವಿಧವೆಯರೇ.

ಇದೇ ವಿಚಾರಕ್ಕೆ ಇನ್ನೊಂದು ಮುಖವಿದೆ. ಸೇರಿಸಬೇಕಾದ ಹೆಸರನ್ನು ಸೇರಿಸುವಂತೆ ತೆಗೆಯಬೇಕಾದ ಹೆಸರನ್ನು ತೆಗೆಯುವುದೂ ಕರ್ತವ್ಯವೇ. ಸಿ.ಜಿ.ಎಚ್.ಎಸ್.ನಲ್ಲಿ ಮಗನ ಹೆಸರು ಸಾಮಾನ್ಯವಾಗಿ ಅವನು ಸಂಪಾದಿಸತೊಡಗುವವರೆಗೆ, ಮದುವೆಯಾಗುವವರೆಗೆ ಅಥವಾ 25 ವರ್ಷ ತುಂಬುವವರೆಗೆ ಮಾತ್ರ. ಕೈತುಂಬ ಸಂಬಳ ತರುವ ಮಗನ ಹೆಸರು ತಂದೆಯ ಕಾರ್ಡಿನಲ್ಲಿ ಮುಂದುವರಿಯುವುದು ಟಿ.ಸಿ. ತೆಗೆದುಕೊಂಡ ಹುಡುಗನಿಗೆ ಹಾಜರಿ ಹಾಕಿದಂತೆ. ಅದೇ ವೇಳೆ, ವಿಧವೆಯಾಗಿ ಅಥವಾ ವಿಚ್ಛೇದನ ಪಡೆದು ತಂದೆಯ ಆಶ್ರಯಕ್ಕೆ ಮರಳಿದ ಮಗಳಿಗೆ ವಯಸ್ಸಿನ ಮಿತಿಯಿಲ್ಲದೆ ಅವಕಾಶವಿದೆ ಎಂಬುದು ಎಷ್ಟೋ ಮನೆಗಳಲ್ಲಿ ಗೊತ್ತೇ ಇಲ್ಲ. ಲೋಕಾಪವಾದಕ್ಕೆ ಅಂಜಿ ಆಕೆಯ ಹೆಸರನ್ನು ಬರೆಸದ ತಂದೆಯರನ್ನೂ ನಾನು ಬಲ್ಲೆ.

ಹೆಸರು, ಜನ್ಮದಿನಾಂಕಗಳ ಗೊಂದಲವಂತೂ ಪ್ರತ್ಯೇಕ ಲೇಖನಕ್ಕೆ ಸಾಕಾಗುವಷ್ಟಿದೆ. ತವರಿನಲ್ಲಿ ಸೀತಮ್ಮ, ಗಂಡನ ಮನೆಯಲ್ಲಿ ಸೀತಾಲಕ್ಷ್ಮಿ, ಆಧಾರಿನಲ್ಲಿ ಇನ್ನೊಂದು ಕಾಗುಣಿತ. ಹಳೆಯ ಶಾಲಾ ದಾಖಲಾತಿ ಪುಸ್ತಕಗಳನ್ನು ತೆರೆದರೆ ಅರ್ಧ ಊರು ಜೂನ್ ಒಂದರಂದೇ ಜನಿಸಿದಂತೆ ಕಾಣುತ್ತದೆ! ಇದನ್ನು ನಗುತ್ತಾ ಬಿಟ್ಟುಬಿಡುವಂತಿಲ್ಲ. 70 ವರ್ಷ ದಾಟಿದ ಸಿ.ಜಿ.ಎಚ್.ಎಸ್. ಸದಸ್ಯರು ಶಿಫಾರಸು ಚೀಟಿಯಿಲ್ಲದೆ ಪಟ್ಟಿಯಲ್ಲಿರುವ ಖಾಸಗಿ ಆಸ್ಪತ್ರೆಯ ತಜ್ಞರನ್ನು ನೇರವಾಗಿ ಕಾಣಬಹುದೆಂದು 2024ರಲ್ಲಿ ನಿಯಮ ಸಡಿಲವಾಯಿತು. ಮೊದಲು ಈ ಮಿತಿ 75 ಇತ್ತು. ವಯಸ್ಸು ತಪ್ಪಾಗಿದ್ದರೆ ಈ ಅನುಕೂಲವೂ ತಪ್ಪುತ್ತದೆ. ಅದೇ ವರ್ಷ ಅಕ್ಟೋಬರ್ 29ರಂದು 70 ದಾಟಿದ ಎಲ್ಲರಿಗೂ ಆಯುಷ್ಮಾನ್ ಭಾರತ್ ಯೋಜನೆಯನ್ನು ವಿಸ್ತರಿಸಲಾಯಿತು. ಆದರೆ ಸಿ.ಜಿ.ಎಚ್.ಎಸ್. ಅಥವಾ ಇ.ಸಿ.ಎಚ್.ಎಸ್. ಉಳ್ಳವರು ಇರುವುದನ್ನು ಉಳಿಸಿಕೊಳ್ಳಬೇಕು, ಇಲ್ಲವೇ ಇದನ್ನು ಆಯ್ದುಕೊಳ್ಳಬೇಕು. ಎರಡು ದೋಣಿಯಲ್ಲಿ ಕಾಲಿಡುವಂತಿಲ್ಲ. ನೆರೆಯವರು ಮಾಡಿಸಿದರೆಂದು ಅವಸರದಲ್ಲಿ ಹೆಬ್ಬೆಟ್ಟು ಒತ್ತಬೇಡಿ.

ಹಾಗಾದರೆ ಇದಕ್ಕೆ ಪರಿಹಾರವೇನು? ನನ್ನ ಅಭಿಪ್ರಾಯದಲ್ಲಿ ಅದು ನವೆಂಬರ್ ತಿಂಗಳಿನಲ್ಲಿದೆ. ಪಿಂಚಣಿದಾರರೆಲ್ಲರೂ ತಪ್ಪದೆ ನೆನಪಿಡುವ ಒಂದು ಕಾಗದವೆಂದರೆ ಆ ತಿಂಗಳ ಜೀವಂತ ಪ್ರಮಾಣಪತ್ರ. 2014ರಲ್ಲಿ ಜೀವನ್ ಪ್ರಮಾಣ್ ಬಂದ ಮೇಲೆ ಅದನ್ನು ಬೆರಳಚ್ಚಿನ ಮೂಲಕವೂ ಕೊಡಬಹುದಾಗಿದೆ. ಅದನ್ನು ಮರೆಯದಿರಲು ಕಾರಣ ಸರಳ: ಕೊಡದಿದ್ದರೆ ಪಿಂಚಣಿ ನಿಲ್ಲುತ್ತದೆ. ಪಿಂಚಣಿ ವರ್ಷಕ್ಕೊಮ್ಮೆ ತಾನಾಗಿಯೇ ನಮ್ಮನ್ನು ವಿಚಾರಿಸುತ್ತದೆ. ಆರೋಗ್ಯ ಕಾರ್ಡು ಹಾಗಲ್ಲ. ಅದು ಬೀರುವಿನಲ್ಲಿ ಮೌನವಾಗಿ ಮಲಗಿದ್ದು, ಆಸ್ಪತ್ರೆಯ ಕಿಟಕಿಯಲ್ಲಿ ಮೊದಲ ಬಾರಿಗೆ ಬಾಯಿ ತೆರೆಯುತ್ತದೆ. ಆಗ ಉತ್ತರಿಸಲು ನಮಗೆ ಸಮಯವಿರುವುದಿಲ್ಲ.

ಆದ್ದರಿಂದ ಸರ್ಕಾರವು ಜೀವಂತ ಪ್ರಮಾಣಪತ್ರದ ಜೊತೆಗೆ ಮೂರೇ ಪ್ರಶ್ನೆಗಳನ್ನು ಕೇಳಲಿ: ವಾಸಸ್ಥಳ ಬದಲಾಗಿದೆಯೇ? ಕುಟುಂಬದಲ್ಲಿ ಯಾರಾದರೂ ಸೇರಿದ್ದಾರೆಯೇ, ಅಗಲಿದ್ದಾರೆಯೇ? ಆರೋಗ್ಯ ಕಾರ್ಡು ಯಾವ ಊರಿನದು? ಹಾಗೆಯೇ ಮರಣಪತ್ರವನ್ನು ಪಡೆದು ಕುಟುಂಬ ಪಿಂಚಣಿಯನ್ನು ಆರಂಭಿಸುವ ಕಡೆಯಿಂದಲೇ ಕಾರ್ಡಿನ ಕಚೇರಿಗೂ ಸುದ್ದಿ ತಲುಪಲಿ. ದುಃಖದಲ್ಲಿರುವ ಹೆಂಗಸು ಒಂದೇ ಸಾವನ್ನು ಎರಡೆರಡು ಕಚೇರಿಗಳಲ್ಲಿ ರುಜುವಾತು ಮಾಡಬೇಕಾಗಿ ಬರುವುದು ನಾಗರಿಕ ವ್ಯವಸ್ಥೆಯ ಲಕ್ಷಣವಲ್ಲ.

ಸರ್ಕಾರ ಕೇಳುವವರೆಗೆ ಮನೆಯವರು ಕೇಳಬಹುದು. ಮರಣಾನಂತರದ ಮಾತನ್ನು ಹಿರಿಯರ ಮುಂದೆ ಎತ್ತುವುದು ಅಶುಭವೆಂದು ಮಕ್ಕಳು ಹಿಂಜರಿಯುತ್ತಾರೆ. ಮಕ್ಕಳಿಗೆ ತೊಂದರೆ ಕೊಡಬಾರದೆಂದು ಹಿರಿಯರು ಸುಮ್ಮನಿರುತ್ತಾರೆ. ಈ ಪರಸ್ಪರ ಸಂಕೋಚವೇ ನಿಜವಾದ ಅಡ್ಡಿ. ನನ್ನ ವಿದ್ಯಾರ್ಥಿಗಳಲ್ಲಿ ಈಗ ಐವತ್ತರ ಆಸುಪಾಸಿನಲ್ಲಿರುವವರೇ ಹೆಚ್ಚು. ರಾಜ್ಯೋತ್ಸವದ ತಿಂಗಳಿನಲ್ಲಿ ಒಂದು ಭಾನುವಾರ ತಂದೆತಾಯಿಯರ ಬಳಿ ಕುಳಿತು, ಪಿಂಚಣಿ ಆದೇಶ, ಆಧಾರ್, ಆರೋಗ್ಯ ಕಾರ್ಡು, ಈ ಮೂರನ್ನೂ ಪಕ್ಕಪಕ್ಕದಲ್ಲಿಟ್ಟು ಹೆಸರು, ಜನ್ಮದಿನಾಂಕ, ವಿಳಾಸಗಳನ್ನು ತಾಳೆ ನೋಡಿ. ತಾಯಿಯವರಿಗೂ ಆ ಕಾಗದಗಳನ್ನು ಓದಿ ಹೇಳಿ, ಅವು ಎಲ್ಲಿವೆಯೆಂದು ತೋರಿಸಿ. ವ್ಯತ್ಯಾಸ ಕಂಡಲ್ಲಿ ಮರುದಿನವೇ ಅರ್ಜಿ ಹಾಕಿ. ನಿವೃತ್ತ ಮೇಷ್ಟರು ಇಷ್ಟು ವರ್ಷಗಳ ಮೇಲೂ ಮನೆಗೆಲಸ ಕೊಡುತ್ತಿದ್ದಾರೆಂದು ನಕ್ಕರೂ ಚಿಂತೆಯಿಲ್ಲ, ಮಾಡಿ ಮುಗಿಸಿದರೆ ಸಾಕು.