ದೂರದ ಕನಸು, ಇವತ್ತಿನ ಓಟು

'ಇನ್ನಿಪ್ಪತ್ತು ವರ್ಷಕ್ಕೆ ದುಡಿಮೆಯನ್ನೆಲ್ಲ ಯಂತ್ರವೇ ಮಾಡುತ್ತೆ. ಕೂಲಿ, ಮೀಸಲಾತಿ, ಬೆಂಬಲ ಬೆಲೆ ಅಂತ ಈಗ ಬಡಿದಾಡೋದೆಲ್ಲ ದಂಡ.' ಬಳ್ಳಾರಿಯ ಓದಿದವರ ಬಾಯಲ್ಲೂ ಈಗ ಈ ಮಾತು ಕೇಳಿಬರುತ್ತಿದೆ. ಭವಿಷ್ಯವಾಣಿಯ ವೇಷದಲ್ಲಿದ್ದರೂ ಇದು ಅಪ್ಪಟ ರಾಜಕೀಯ ನಿಲುವು. ಕೃತಕ ಬುದ್ಧಿಮತ್ತೆಯಿಂದ ಸಮೃದ್ಧಿ ಬರುತ್ತದೆಂದು ನಂಬಿದವರಿಗೆ ಇವತ್ತಿನ ಕೂಲಿಯ ಜಗಳ ಕ್ಷುಲ್ಲಕ. ಸರ್ವನಾಶವಾಗುತ್ತದೆಂದು ಹೆದರಿದವರಿಗೆ ಅಧಿಕಾರ ಕೆಲವೇ ತಜ್ಞರ ಕೈಲಿದ್ದರೂ ತಪ್ಪಿಲ್ಲ. ಎರಡು ಕನಸಿನಲ್ಲೂ ಇವತ್ತಿನ ಸಾಮಾನ್ಯ ಮನುಷ್ಯನನ್ನು ಯಾರೂ ಒಂದು ಮಾತು ಕೇಳುವುದಿಲ್ಲ. ನನ್ನ ತಕರಾರು ಅದಕ್ಕೆ.

ಓಪನ್‌ಎಐನ ಸ್ಯಾಮ್ ಆಲ್ಟ್‌ಮನ್ 2021ರಲ್ಲಿ ಒಂದು ಲೇಖನ ಬರೆದರು. ಕಂಪನಿಗಳಿಗೆ, ಜಮೀನಿಗೆ ತೆರಿಗೆ ಹಾಕಿ ಹಂಚಿದರೆ ಹತ್ತು ವರ್ಷದಲ್ಲಿ ಪ್ರತಿ ವಯಸ್ಕ ಅಮೆರಿಕನ್ನನಿಗೆ ವರ್ಷಕ್ಕೆ 13,500 ಡಾಲರ್ ಸಿಗಬಹುದು ಎಂದು ಲೆಕ್ಕ ಕೊಟ್ಟರು. ಇದನ್ನು ದೂರದೃಷ್ಟಿ ಎಂದು ಹೊಗಳುವವರಲ್ಲೇ ಎಷ್ಟೋ ಮಂದಿ 2023ರಲ್ಲಿ ಗೃಹಲಕ್ಷ್ಮಿಯ 2,000 ರೂಪಾಯಿಯನ್ನು ಬಿಟ್ಟಿ ಭಾಗ್ಯ ಎಂದು ಜರಿದರು. ಗೃಹಲಕ್ಷ್ಮಿ ಕೊಟ್ಟ ಸರ್ಕಾರವನ್ನು ಜನ ಓಟು ಹಾಕಿ ಇಳಿಸಬಹುದು. ಕಂಪನಿಯ ಒಡೆಯನನ್ನು ಇಳಿಸುವ ಓಟು ಯಾರ ಬಳಿಯೂ ಇಲ್ಲ.

ದೂರದ ಕನಸಿಲ್ಲದೆ ನಾಡು ಕಟ್ಟಲಾಗದು ಎಂಬ ವಾದಕ್ಕೆ ನಾನು ಗೌರವ ಕೊಡುತ್ತೇನೆ. ತುಂಗಭದ್ರೆಗೆ ಅಣೆಕಟ್ಟು ಬೇಕೆಂದು ಬ್ರಿಟಿಷ್ ಎಂಜಿನಿಯರ್ ಆರ್ಥರ್ ಕಾಟನ್ ಹೇಳಿದ್ದು 1860ರಲ್ಲಿ. ಕೆಲಸ ಶುರುವಾದದ್ದು 1945ರಲ್ಲಿ, ಕಾಲುವೆಗೆ ನೀರು ಹರಿದದ್ದು 1953ರಲ್ಲಿ. ಹಳ್ಳಿಗಳು ಮುಳುಗಿದವು. ಬರದ ಸೀಮೆಯ ಹೆಚ್ಚು ಹೊಲಗಳಿಗೆ ತೇವ ಸಿಗಲಿ, ಜೋಳ, ಹತ್ತಿಯಂಥ ಕಡಿಮೆ ನೀರಿನ ಬೆಳೆ ಬೆಳೆಯಲಿ ಎಂಬುದು ಯೋಜನೆ. ನೀರು ಬಂದ ಮೇಲೆ ಸಿರುಗುಪ್ಪ, ಕುರುಗೋಡು ಕಡೆ ಭತ್ತದ ಗದ್ದೆಗಳೆದ್ದವು, ಅಕ್ಕಿ ಗಿರಣಿಗಳು ಬಂದವು. ಕಾಲುವೆಯ ಕೊನೆಯಂಚಿಗೆ ಮಾತ್ರ ನೀರು ಮುಟ್ಟುವುದೇ ಕಷ್ಟವಾಯಿತು. 133 ಟಿಎಂಸಿ ಹಿಡಿಯುತ್ತಿದ್ದ ಜಲಾಶಯ ಹೂಳು ತುಂಬಿ ಈಗ 105ರ ಆಸುಪಾಸಿಗೆ ಇಳಿದಿದೆ. 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟಿನ ಚೈನ್ ಕಡಿದು ಗೇಟೇ ಕೊಚ್ಚಿಹೋಯಿತು. ಕಾಟನ್‌ ಕನಸಿನಲ್ಲಿ ಇದು ಯಾವುದೂ ಇರಲಿಲ್ಲ. ಆದರೂ ಜಗಳಕ್ಕೆ ಒಂದು ಜಾಗ ಇತ್ತು, ಈಗಲೂ ಇದೆ: ತುಂಗಭದ್ರಾ ಮಂಡಳಿ, ನೀರಾವರಿ ಸಲಹಾ ಸಮಿತಿ, ಶಾಸಕರ ಮನೆ ಬಾಗಿಲು. ಎರಡನೇ ಬೆಳೆಗೆ ನೀರು ಬಿಡಿ ಎಂದು ರೈತ ರಸ್ತೆಗಿಳಿದರೆ ಯಾರಾದರೊಬ್ಬರು ಉತ್ತರ ಕೊಡಲೇಬೇಕು.

ಕುಡತಿನಿಯಲ್ಲಿ ಹಾಗಾಗಲಿಲ್ಲ. 2010ರ ಸುಮಾರಿಗೆ ಉಕ್ಕಿನ ಕಾರ್ಖಾನೆಗಳು ಬರುತ್ತವೆ, ಮನೆಗೊಂದು ನೌಕರಿ ಸಿಗುತ್ತದೆ ಎಂಬ ಮಾತು ನಂಬಿ ಕುಡತಿನಿ, ಹರಗಿನದೋಣಿ, ವೇಣಿವೀರಾಪುರ ಸುತ್ತಲಿನ ರೈತರು ಸಾವಿರಾರು ಎಕರೆ ಬಿಟ್ಟುಕೊಟ್ಟರು. ಉಕ್ಕಿನ ಕುಲುಮೆ ಏಳಲಿಲ್ಲ. ಜಮೀನಿಗೆ ನ್ಯಾಯವಾದ ಬೆಲೆ ಕೊಡಿ ಎಂದು ರೈತರು 2022ರ ಡಿಸೆಂಬರಿನಲ್ಲಿ ಧರಣಿ ಕೂತರು. ಕನಸು ಕಂಡವರು ಬೇರೆ, ಅದಕ್ಕೆ ಬೆಲೆ ತೆತ್ತವರು ಬೇರೆ.

ಯಂತ್ರದ ಮೇಲೆ ನನಗೆ ಹಗೆಯಿಲ್ಲ. ಸಿರುಗುಪ್ಪದ ಗಿರಣಿಗೆ ಹೋಗಿ ಸಾರ್ಟೆಕ್ಸ್ ಯಂತ್ರ ನೋಡಿ. ಓರೆ ತಗಡಿನ ಮೇಲೆ ಅಕ್ಕಿ ಜಾರುತ್ತದೆ, ಕ್ಯಾಮೆರಾ ಕರಿ ಕಾಳನ್ನು ಗುರುತಿಸುತ್ತದೆ, ಗಾಳಿಯ ಒಂದೇ ಹೊಡೆತಕ್ಕೆ ಅದು ಆಚೆ ಸಿಡಿಯುತ್ತದೆ. ಎಂಥ ಚೆಂದದ ಕೆಲಸ! ಆದರೆ ಅಕ್ಕಿ ಆರಿಸುವ ಕೂಲಿ ಕಳೆದುಕೊಂಡ ಹೆಂಗಸಿಗೆ ಏನು ಕೊಡಬೇಕೆಂದು ಆ ಯಂತ್ರ ಹೇಳುವುದಿಲ್ಲ. ಅದನ್ನು ಸಭೆ ಕರೆದು, ಜಗಳವಾಡಿ, ನಾವೇ ತೀರ್ಮಾನಿಸಬೇಕು. 2024ರ ಮಾರ್ಚಿನಲ್ಲಿ ಕೇಂದ್ರ ಸಂಪುಟ ಕೃತಕ ಬುದ್ಧಿಮತ್ತೆಯ ಮಿಷನ್ನಿಗೆ 10,372 ಕೋಟಿ ರೂಪಾಯಿ ಮಂಜೂರು ಮಾಡಿತು. ಆ ಹಣದ ಬಗ್ಗೆಯೂ ಕೇಳುವ ಹಕ್ಕು ಅವಳಿಗಿದೆ.

ಯಂತ್ರಯುಗದ ಸಮೃದ್ಧಿ ತೋರಿಸಿ ಓಟು ಕೇಳಲು ಬಂದವರಿಗೆ ಮೂರೇ ಪ್ರಶ್ನೆ ಹಾಕಿ: ಎಷ್ಟನೇ ಇಸವಿಗೆ? ಯಾರ ಖರ್ಚಿನಲ್ಲಿ? ತಪ್ಪಿದರೆ ಯಾರನ್ನು ಹಿಡಿದು ಕೇಳಬೇಕು? ಉತ್ತರ ಬರೆದುಕೊಡದವರಿಗೆ ಓಟು ಕೊಡಬೇಡಿ.