ಬಸವಿಯ ಪಾಲು ಹಕ್ಕಲ್ಲ

ದೇವದಾಸಿ ನಿಷೇಧ ಕಾಯ್ದೆಯನ್ನು ಹೀಗಳೆಯುವವರ ಬಳಿ ಒಂದು ಗಟ್ಟಿ ವಾದವಿದೆ. ಅದಕ್ಕೇ ಮೊದಲು ಉತ್ತರಿಸುತ್ತೇನೆ. ಬಳ್ಳಾರಿ, ಸಿರುಗುಪ್ಪ, ಕುರುಗೋಡು ಸೀಮೆಯಲ್ಲಿ ಗಂಡುಮಕ್ಕಳಿಲ್ಲದವರು ಮಗಳನ್ನು ದೇವರ ಹೆಸರಿನಲ್ಲಿ ಬಸವಿ ಬಿಡುತ್ತಿದ್ದರು; ಅದೂ ದೇವದಾಸಿ ಪದ್ಧತಿಯೇ. ಆಕೆ ತವರಲ್ಲೇ ಉಳಿದು, ಮಗನಂತೆ ಅಪ್ಪನ ಆಸ್ತಿಗೆ ಹಕ್ಕುದಾರಳಾಗಿ, ಅವನ ಕರ್ಮವನ್ನೂ ಮಾಡುತ್ತಿದ್ದಳು. 'ಸಂವಿಧಾನ ಹುಟ್ಟುವ ಮೊದಲೇ ನಮ್ಮ ಹಿರೀಕರು ಹೆಣ್ಣಿಗೆ ಹೊಲ ಕೊಟ್ಟಿದ್ದರು, ನೀವೇನು ಹೊಸದಾಗಿ ಕೊಡೋದು?' ಎನ್ನುತ್ತಾರೆ.

ಕೊಟ್ಟದ್ದು ನಿಜ. ಬ್ರಿಟಿಷ್ ಕಾಲದ ಫಾಸೆಟ್ ಎಂಬಾತ ಬಳ್ಳಾರಿಯ ಬಸವಿಯರಿಗಿದ್ದ ಈ ಗಂಡು ಸ್ಥಾನದ ಬಗ್ಗೆ ಬರೆದೂ ಇದ್ದಾನೆ. ಆದರೆ ಯಾರಿಗೆ ಕೊಟ್ಟರು? ಅದೇ ಮನೆಯಲ್ಲಿ ಹುಟ್ಟಿ ಲಗ್ನವಾಗಿ ಹೋದ ತಂಗಿಗೆ ಕೊಡಲಿಲ್ಲ. ಅಕ್ಕನಿಗೆ ಸಿಕ್ಕಿದ್ದೂ ಲಗ್ನದ ಬಾಗಿಲು ಮುಚ್ಚಿದ ಮೇಲೆ, ಅದೂ ಬೇಡವೆನ್ನಲು ಬಾಯಿಲ್ಲದ ವಯಸ್ಸಿನಲ್ಲಿ. ಮೈ ಒತ್ತೆಯಿಟ್ಟು ಪಡೆದ ಪಾಲನ್ನು ಹಕ್ಕು ಎನ್ನಲು ನನಗೆ ನಾಲಿಗೆ ಹೊರಳುವುದಿಲ್ಲ. ಪಿತ್ರಾರ್ಜಿತದಲ್ಲಿ ಮಗಳಿಗೂ ಹುಟ್ಟಿನಿಂದಲೇ ಪಾಲು ಎಂದದ್ದು ಕರ್ನಾಟಕದ 1994ರ ತಿದ್ದುಪಡಿ. ಅದೂ ಆಗಲೇ ಮದುವೆಯಾದವರನ್ನು ಹೊರಗಿಟ್ಟಿತ್ತು. 2005ರ ಕೇಂದ್ರ ತಿದ್ದುಪಡಿ ಆ ಬೇಲಿಯನ್ನೂ ಕಿತ್ತಿತು. ಇಲ್ಲಿ ಯಾರೂ ಬಸವಿಯಾಗಬೇಕಿಲ್ಲ.

'ಮಾನವ ಹಕ್ಕು ಪಶ್ಚಿಮದ ಸರಕು' ಎಂಬುದು ಅವರ ಎರಡನೆಯ ವಾದ. ಬಳ್ಳಾರಿ 1953ರ ಅಕ್ಟೋಬರ್ 1ರವರೆಗೆ ಮದರಾಸಿಗೆ ಸೇರಿತ್ತು. ಅಲ್ಲಿ ದೇವದಾಸಿ ನಿಷೇಧ ಕಾಯ್ದೆ ಬಂದದ್ದು 1947ರಲ್ಲಿ, ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಘೋಷಣೆಗಿಂತ ಒಂದು ವರ್ಷ ಮೊದಲೇ. ಅದಕ್ಕಾಗಿ ಹೋರಾಡಿದ ಡಾ. ಮುತ್ತುಲಕ್ಷ್ಮಿ ರೆಡ್ಡಿಯವರ ತಾಯಿ ದೇವದಾಸಿ ಮನೆತನದವರು. ಇನ್ನು 1948ರ ಆ ಘೋಷಣೆಯಲ್ಲಿ 'ಎಲ್ಲ ಪುರುಷರು' ಎಂದು ಓದಿಕೊಳ್ಳಬಹುದಾಗಿದ್ದ ಮಾತನ್ನು 'ಎಲ್ಲ ಮನುಷ್ಯರು' ಎಂದು ಬದಲಿಸಲು ಪಟ್ಟುಹಿಡಿದವರು ನಮ್ಮವರೇ ಆದ ಹನ್ಸಾ ಮೆಹ್ತಾ. ಸರಕು ಎಲ್ಲಿಂದ ಎಲ್ಲಿಗೆ ಹೋಯಿತೋ ಅವರೇ ಹೇಳಲಿ.

ವಕೀಲರ ವಾದ ಬೇರೆ: ಹಕ್ಕು ಹುಟ್ಟುವುದೇ ಕಾನೂನಿನಿಂದ, ಜಾರಿಯಾಗದ್ದು ಹಕ್ಕೇ ಅಲ್ಲ. ಹಾಗಾದರೆ 1946ರಲ್ಲಿ ದೇವರ ಹೆಸರಿನಲ್ಲಿ ಮುತ್ತು ಕಟ್ಟಿಸಿಕೊಂಡು ದೇವದಾಸಿಯಾದ ಹುಡುಗಿಗೆ ಅನ್ಯಾಯವೇ ಆಗಲಿಲ್ಲವೆ? ಆಗಿಲ್ಲದಿದ್ದರೆ ಮರುವರ್ಷ ಕಾಯ್ದೆ ತಂದದ್ದು ಯಾತಕ್ಕೆ? ಕರ್ನಾಟಕದ 1982ರ ದೇವದಾಸಿ ನಿಷೇಧ ಕಾಯ್ದೆಯ ನಂತರವೂ ರಾಜ್ಯದ ಎರಡು ಸಮೀಕ್ಷೆಗಳಲ್ಲಿ ಒಟ್ಟು 46,660 ದೇವದಾಸಿಯರು ಲೆಕ್ಕಕ್ಕೆ ಸಿಕ್ಕರು. ಅದು ಸರ್ಕಾರದ ಸೋಲು. ಅವರ ಹಕ್ಕು ಸುಳ್ಳು ಎಂಬುದಕ್ಕೆ ಸಾಕ್ಷಿಯಲ್ಲ.

ಒಂದನ್ನು ಮಾತ್ರ ಒಪ್ಪುತ್ತೇನೆ. 1982ರ ಕಾಯ್ದೆ ಮಗಳನ್ನು ಬಿಟ್ಟ ಹೆತ್ತವರಿಗೆ ಎರಡರಿಂದ ಐದು ವರ್ಷ ಜೈಲು ಎಂದಿತೇ ಹೊರತು ಹುಟ್ಟಿದ ಮಕ್ಕಳ ಗತಿ ಕೇಳಲಿಲ್ಲ. ಶಾಲೆಯ ಅರ್ಜಿಯಲ್ಲಿ 'ತಂದೆಯ ಹೆಸರು' ಎಂಬ ಗೆರೆಯ ಮುಂದೆ ತಾಯಿ ತಲೆ ತಗ್ಗಿಸುವುದು ಮುಂದುವರಿಯಿತು. 2025ರಲ್ಲಿ ಶಾಸನಸಭೆ ಒಪ್ಪಿದ ಹೊಸ ಕಾಯ್ದೆ ಆ ಹೆಸರು ಕಡ್ಡಾಯವಲ್ಲ ಎನ್ನುತ್ತದೆ. ಬೇಕೆಂದರೆ ತಂದೆ ಯಾರೆಂದು ಕೋರ್ಟಿನಲ್ಲಿ ಸಾಬೀತು ಮಾಡುವ ಹಕ್ಕನ್ನೂ ಮಕ್ಕಳಿಗೆ ಕೊಡುತ್ತದೆ. ಇನ್ನು ಸಿರುಗುಪ್ಪ, ಕುರುಗೋಡಿನ ಶಾಲೆಗಳ ಅರ್ಜಿ ನಮೂನೆಗಳು ಬದಲಾಗಬೇಕು.