ಅಂಗಡಿ ಬದಲಾಗದೆ ಕಸ ಕಡಿಮೆಯಾಗದು



ಕಸದ ಮಾತು ಬಂದಾಗಲೆಲ್ಲ ಬೈಸಿಕೊಳ್ಳುವವರು ನಮ್ಮ ಮನೆಯವರೇ. ‘ಚೀಲ ತರುವುದಿಲ್ಲ, ಬೇಕಾದ್ದಕ್ಕಿಂತ ಹೆಚ್ಚು ಕೊಳ್ಳುತ್ತೀರಿ’ ಎಂಬ ಉಪದೇಶ ಕೇಳಿ ಕೇಳಿ ಸಾಕಾಗಿದೆ. ಮಾಧವನಗರದ ನಾವು ಈಗ ತಿರುಗಿ ಒಂದು ಪ್ರಶ್ನೆ ಕೇಳೋಣ: ಕಾಲು ಕಿಲೋ ಬೇಳೆ ಬೇಕಾದವರ ಮುಂದೆ ಒಂದು ಕಿಲೋ ಪ್ಯಾಕೆಟ್ ಮಾತ್ರ ಇಟ್ಟರೆ, ಹುಳ ಹಿಡಿದ ಮುಕ್ಕಾಲು ಕಿಲೋಗೆ ಹೊಣೆ ಯಾರು?

ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ ಲೆಕ್ಕದಂತೆ 2022ರಲ್ಲಿ ಜಗತ್ತಿನಲ್ಲಿ 105 ಕೋಟಿ ಟನ್ ಆಹಾರ ವ್ಯರ್ಥವಾಯಿತು. ಅದರಲ್ಲಿ ಶೇ. 60 ಮನೆಗಳಲ್ಲಿ, ಶೇ. 12 ಅಂಗಡಿಗಳಲ್ಲಿ. ಇದನ್ನು ತೋರಿಸಿ ಅಂಗಡಿಯವರು ಕೈ ತೊಳೆದುಕೊಳ್ಳುವಂತಿಲ್ಲ. ‘ಎರಡು ಕೊಂಡರೆ ಒಂದು ಉಚಿತ’ ಎಂದು ನಮ್ಮ ಚೀಲ ತುಂಬಿಸಿದವರು ಅವರೇ ಅಲ್ಲವೇ?

2018ರಲ್ಲಿ ಮಹಾರಾಷ್ಟ್ರ ಪ್ಲಾಸ್ಟಿಕ್ ಕೈಚೀಲ ನಿಷೇಧಿಸಿತು. ಒಳ್ಳೆಯದೇ. ಆದರೆ ಬಟ್ಟೆಚೀಲದೊಳಗೆ ಈಗಲೂ ಹತ್ತು ಪ್ಲಾಸ್ಟಿಕ್ ಪ್ಯಾಕೆಟ್ ಕೂತಿವೆ!

ಪ್ಯಾಕೆಟ್ ಇಲ್ಲದೆ ಧಾನ್ಯ ಕೆಡುತ್ತದೆ ಎನ್ನುವವರು ಸಾಂಗಲಿ ಪಕ್ಕದ ಹರಿಪುರದ ಕಥೆ ಕೇಳಲಿ. ಅಲ್ಲಿ ಅರಿಶಿನವನ್ನು ನೆಲದೊಳಗಿನ ಹಗೇವುಗಳಲ್ಲಿ ವರ್ಷಗಟ್ಟಲೆ ಕಾಪಾಡುತ್ತಿದ್ದರು. ಮಾಲು ಉಳಿಸುವುದು ತೇವ ತಡೆಯುವ ಜಾಣತನ, ಹೊಳೆಯುವ ಹಾಳೆಯಲ್ಲ.

ಹಾಗೆಂದು ಹಳೆಯದೆಲ್ಲ ಚೆನ್ನ ಎಂದು ನಾವು ಹೇಳುತ್ತಿಲ್ಲ. ಹಳೆ ಪತ್ರಿಕೆಯ ಪೊಟ್ಟಣದ ಶಾಯಿ ದೇಹಕ್ಕೆ ಕೆಡುಕು. ಬಿಡಿ ಅಡುಗೆ ಎಣ್ಣೆ ಮಾರಾಟಕ್ಕೆ ಕಾನೂನಿನ ತಡೆ ಇದೆ, ಕಲಬೆರಕೆಯ ಭಯದಿಂದ. ಎಣ್ಣೆ ಡಬ್ಬಿಯಲ್ಲೇ ಇರಲಿ. ಆದರೆ ಅಕ್ಕಿ, ಜೋಳ, ಬೇಳೆ, ಸಕ್ಕರೆಗೆ ಏನು ಅಡ್ಡಿ? 2022ರ ಜುಲೈ 18ರಿಂದ ಲೇಬಲ್ ಹಚ್ಚಿದ ಅಕ್ಕಿ, ಬೇಳೆ, ಹಿಟ್ಟಿನ ಪ್ಯಾಕೆಟ್‌ಗೆ ಶೇ. 5 ಜಿಎಸ್‌ಟಿ ಬಿತ್ತು; ಬಿಡಿಯಾಗಿ ತೂಗಿ ಕೊಟ್ಟರೆ ತೆರಿಗೆ ಇಲ್ಲ. ಕಸವೂ ಕಡಿಮೆ, ಖರ್ಚೂ ಕಡಿಮೆ.

ಆದ್ದರಿಂದ ನಮ್ಮ ಅಂಗಡಿಗಳಿಂದ ನಾವು ಕೇಳುವುದು ಇಷ್ಟು:

1. ಧಾನ್ಯಕ್ಕೆ ಮುಚ್ಚಳದ ಡಬ್ಬಗಳಿರಲಿ. ಮೇಲಿಂದ ತುಂಬಿ ಕೆಳಗಿಂದ ತೆಗೆಯುವಂತಿರಲಿ. ಆಗ ಹಳೆಯ ಮಾಲು ಮೊದಲು ಹೋಗುತ್ತದೆ, ತಳದಲ್ಲಿ ಕೊಳೆಯುವುದಿಲ್ಲ.

2. ನಮ್ಮ ಡಬ್ಬಿಯನ್ನು ಮೊದಲು ಖಾಲಿ ತೂಗಿ, ಆಮೇಲೆ ತುಂಬಿಸಲಿ. ಐವತ್ತು ಗ್ರಾಂ ಕೇಳಿದರೂ ಮುಖ ಸಿಂಡರಿಸದಿರಲಿ.

3. ದಿನಾಂಕ ಹತ್ತಿರವಾದ ಮಾಲು ಬಾಗಿಲ ಬಳಿಯೇ, ಅರ್ಧ ಬೆಲೆಗೆ ಇರಲಿ.

4. ಉಳಿದ ತರಕಾರಿ ಸಂಜೆಯೇ ಹಸಿದವರಿಗೆ ಸೇರಲಿ. ಫ್ರಾನ್ಸ್ 2016ರಲ್ಲೇ ದೊಡ್ಡ ಅಂಗಡಿಗಳು ತಿನ್ನಬಹುದಾದ ಆಹಾರವನ್ನು ಹಾಳುಗೆಡವದಂತೆ ಕಾನೂನು ಮಾಡಿದೆ.

‘ಗಿರಾಕಿಗಳೇ ಪ್ಯಾಕೆಟ್ ಕೇಳುತ್ತಾರೆ’ ಎಂಬುದು ಅಂಗಡಿಯವರ ಕೊನೆಯ ಉತ್ತರ. ಅದನ್ನು ಸುಳ್ಳು ಮಾಡುವುದು ನಮ್ಮ ಕೈಯಲ್ಲಿದೆ. ಐದು ರೊಟ್ಟಿ ಸಾವಿರಾರು ಜನರಿಗೆ ಸಾಕಾದ ಮೇಲೂ ಉಳಿದ ತುಣುಕುಗಳನ್ನು ಹನ್ನೆರಡು ಬುಟ್ಟಿಗಳಲ್ಲಿ ಕೂಡಿಸಿದ ಕಥೆ ಕೇಳಿ ಬೆಳೆದವರು ನಾವು. ಈ ಶನಿವಾರ ಪ್ರತಿ ಮನೆಯಿಂದ ಒಬ್ಬರು ಡಬ್ಬಿ ಹಿಡಿದು ಅಂಗಡಿಗೆ ಹೋಗೋಣ. ಹತ್ತು ಜನ ಒಂದೇ ಮಾತು ಕೇಳಿದರೆ ಹನ್ನೊಂದನೆಯವರಿಗೆ ತಕ್ಕಡಿ ತಾನಾಗಿ ಹೊರಗೆ ಬರುತ್ತದೆ.